ಒಯುನಾ ಬಿಟ್ಟ ಎರಡು ಕೋರ್ಸು

ಅಕ್ಟೋಬರ್ 7

ರೂಮ್‌ಮೇಟ್ ಒಯುನಾ ಇವತ್ತೂ ಏಳಲಿಲ್ಲ. ಹನ್ನೆರಡನೇ ದಿನ. ಹಾಸಿಗೆ ಪಕ್ಕ ಟೋಸ್ಟ್ ಇಟ್ಟು ಲ್ಯಾಬಿಗೆ ಓಡಿದೆ. ವಾಪಸು ಬಂದಾಗ ಟೋಸ್ಟ್ ಹಾಗೇ ಇತ್ತು.

ಮಂಗೋಲಿಯಾದಿಂದ ಅವಳ ಅಮ್ಮ ವಿಡಿಯೋ ಕಾಲ್ ಮಾಡಿದರೆ ಮಾತ್ರ ಏಳುತ್ತಾಳೆ — ತಲೆ ಬಾಚಿ, ಕೆಂಪು ಸ್ವೆಟರ್ ಹಾಕಿ, ನಗುತ್ತಾ. ಕಾಲ್ ಮುಗಿದರೆ ಮತ್ತೆ ಗೋಡೆ ಕಡೆ ಮುಖ.

ಅಕ್ಟೋಬರ್ 8

ಯೂನಿವರ್ಸಿಟಿಯ ಕೌನ್ಸೆಲಿಂಗ್ ಸೆಂಟರಿಗೆ ಫೋನ್ ಮಾಡಿದೆ. "ಐದು ವಾರ ಆಗುತ್ತೆ ಕಣಮ್ಮ, ತುಂಬಾ ಜನ ಕಾಯ್ತಿದಾರೆ. ಅಪಾಯ ಅನ್ಸಿದ್ರೆ ಮಾತ್ರ ತಕ್ಷಣ ಕರ್ಕೊಂಡು ಬಾ."

ಒಯುನಾಳನ್ನೇ ಕೇಳಿದೆ. "ಸಾಯೋ ಯೋಚ್ನೆ ಇಲ್ಲ ಮಾರ್ಲಿಸ್. ಏಳಕ್ಕಾಗಲ್ಲ, ಅಷ್ಟೇ."

ಸರದಿಗೆ ಅವಳ ಹೆಸರು ಬರೆಸಿದೆ. ಅಮ್ಮನದು ಬಿಟ್ಟು ಬೇರೆ ಯಾರ ಫೋನೂ ಅವಳು ಎತ್ತುವುದಿಲ್ಲ, ನನ್ನ ನಂಬರೇ ಕೊಟ್ಟೆ.

ಹೋದ ವರ್ಷ ನಾನೂ ಹೀಗೇ ಬಿದ್ದುಕೊಂಡಿದ್ದೆ. ಅಪ್ಪ ಹೊಲದಲ್ಲಿ ಬೀಟ್ ಗೆಡ್ಡೆ ಕೊಯ್ಲು ಅರ್ಧಕ್ಕೇ ಬಿಟ್ಟು ಪಿಕಪ್‌ನಲ್ಲಿ ಬಂದು ಕರೆದುಕೊಂಡು ಹೋದರು. ಕೋರ್ಸೆಲ್ಲ ಡ್ರಾಪ್. ಮನೆಯಲ್ಲಿ ಮಲಗಿದೆ, ಅಮ್ಮನ ಸೂಪ್ ಕುಡಿದೆ, ಮನುಷ್ಯಳಾದೆ. ಯಾವ ಆಫೀಸಿನವರೂ ಏನೂ ಕೇಳಲಿಲ್ಲ.

ಅಕ್ಟೋಬರ್ 10

ಕೋರ್ಸ್ ಡ್ರಾಪ್ ಮಾಡಲು ಇವತ್ತೇ ಕೊನೆ ದಿನ.

"ಎರಡು ಕೋರ್ಸ್ ಬಿಟ್ಟಾಕು, ಸ್ವಲ್ಪ ಉಸಿರಾಡು."

"ಬಿಡಬಹುದಾ?"

"ನಾನು ಎಲ್ಲಾನೂ ಬಿಟ್ಟಿರ್ಲಿಲ್ವಾ? ಈಗ ನೋಡು, ಗುಂಡುಕಲ್ಲಿನ ಹಾಗಿದೀನಿ."

ತನ್ನ ಅಕೌಂಟಿನ ಪಾಸ್‌ವರ್ಡ್ ಹೇಳಿದಳು. ಬಟನ್ ನಾನೇ ಒತ್ತಿದೆ. ಸಂಜೆ ಅರ್ಧ ಬಟ್ಟಲು ಸೂಪ್ ಕುಡಿದಳು. ನನಗೆ ನನ್ನ ಮೇಲೇ ಹೆಮ್ಮೆ.

ಅಕ್ಟೋಬರ್ 21

ವಿದೇಶಿ ವಿದ್ಯಾರ್ಥಿಗಳ ಆಫೀಸಿನಿಂದ ಕರೆ ಬಂತು. ಕೈಹಿಡಿದು ನಡೆಸಿಕೊಂಡು ಹೋದೆ. ಅಲ್ಲಿನ ಲಿಂಡ್‌ಕ್ವಿಸ್ಟ್ ಒಳ್ಳೆಯವರು. ಬೈದಿದ್ದರೆ ವಾಸಿಯಿತ್ತು.

"ಇಷ್ಟು ಕಮ್ಮಿ ಕೋರ್ಸ್ ಓದಿದ್ರೆ ವೀಸಾ ಉಳಿಯಲ್ಲ, ಈ ದೇಶದಲ್ಲಿ ಇರೋ ಹಾಗಿಲ್ಲಮ್ಮ. ಡಾಕ್ಟರ್ ಚೀಟಿ ತಂದು ಮೊದ್ಲೇ ಕೇಳಿದ್ರೆ ನಾನೇ ಒಂದು ಸಹಿ ಹಾಕಿರ್ತಿದ್ದೆ. ಬಿಟ್ಟಮೇಲೆ ನನ್ನ ಕೈಲಿ ಏನೂ ಇಲ್ಲ."

"ಬಿಟ್ಟಿದ್ದು ನಾನು ಸರ್, ಇವಳಲ್ಲ."

"ಅಕೌಂಟ್ ಅವಳದು ತಾನೆ?"

ಒಯುನಾ ನೆಲ ನೋಡುತ್ತಾ ಕೂತಿದ್ದಳು. ನನ್ನ ಕಡೆ ತಿರುಗಲೂ ಇಲ್ಲ.

ಒಂದು ಮಾತು ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಗೊತ್ತು ಅಂದುಕೊಂಡೆ...

ಅಕ್ಟೋಬರ್ 30

ಮೇಲಿನವರಿಗೆ ಬರೆದ ಮನವಿ ತಿರಸ್ಕೃತ. ಅಪ್ಪನಿಗೆ ಫೋನ್ ಮಾಡಿ ಅತ್ತೆ.

"ಬೀಟ್ ಕೊಯ್ಲು ಮುಗೀತು. ಆ ಮಗೂನ ಕರ್ಕೊಂಡು ಬಾ, ನಮ್ಮನೇಲಿ ಇರ್ಲಿ."

"ದೇಶದಲ್ಲೇ ಇರಕ್ಕೆ ಬಿಡಲ್ಲಪ್ಪ."

"ಹಾಗಾದ್ರೆ ಏರ್‌ಪೋರ್ಟಿಗೆ ನಾನೇ ಬಿಡ್ತೀನಿ," ಅಂದರು ಅಪ್ಪ.

ನವೆಂಬರ್ 4

ಒಯುನಾ ತಾನಾಗೇ ಎದ್ದಳು. ಹಾಲಿಗೆ ಉಪ್ಪು ಹಾಕಿ ಅವರ ಊರಿನ ಚಹಾ ಕಾಯಿಸಿದಳು. "ನೀನು ಒಳ್ಳೇದಕ್ಕೇ ಮಾಡಿದ್ದು. ಅಳಬೇಡ, ಚಹಾಗೆ ಉಪ್ಪು ಜಾಸ್ತಿ ಆಗುತ್ತೆ."

ಏರ್‌ಪೋರ್ಟಿಗೆ ಅಪ್ಪನ ಪಿಕಪ್‌ನಲ್ಲೇ ಹೋದೆವು.

"ಅಮ್ಮಂಗೆ ಏನು ಹೇಳ್ತೀಯ?"

"ರಜೆ ಅಂತೀನಿ."

ಆ ಕೆಂಪು ಸ್ವೆಟರ್ ಹಾಕಿಕೊಂಡಿದ್ದಳು.

ನವೆಂಬರ್ 12, ಬೆಳಿಗ್ಗೆ 11

ನಾಲ್ಕು ದಿನದಿಂದ ಕ್ಲಾಸಿಗೆ ಹೋಗಿಲ್ಲ. ಅವಳ ಖಾಲಿ ಹಾಸಿಗೆ ಮೇಲೆ ಮಲಗಿದ್ದೆ. ಕೌನ್ಸೆಲಿಂಗ್ ಸೆಂಟರಿನಿಂದ ಫೋನ್.

"ಒಯುನಾದು ಸರದಿ ಬಂತು. ನಾಳೆ ಹತ್ತಕ್ಕೆ ಬರ್ತಾಳಲ್ವಾ?"

"ಊರಿಗೆ ಹೋದ್ಲು."

"ಹೌದಾ... ಹಾಗಾದ್ರೆ ಈ ಜಾಗ ಬೇರೆಯವರಿಗೆ ಕೊಡ್ಲಾ?"

ಕೊಡಿ ಅನ್ನಬೇಕಿತ್ತು. "ನಂಗೆ —" ಅಂದೆ. ಆಮೇಲೆ ನನ್ನ ಹೆಸರು ಹೇಳಿದೆ: "ನಾಳೆ ಹತ್ತಕ್ಕೆ ನಾನೇ ಬರ್ತೀನಿ."