ಎಡತೋಳಿನ ಹೆಣಿಗೆ

ನಗ್ಗರ್
೨೨ ಮಾರ್ಚ್ ೧೯೯೮, ಭಾನುವಾರ

ಧನ್ನೀ, ನನ್ನ ಮಗಳೇ,

ಅಮ್ಮ ಆಶೀರ್ವಾದ ಮಾಡಿ ಬರೆಯುವುದು. ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ, ನಿನ್ನ ಅಪ್ಪನ ಮಂಡಿಯೊಂದನ್ನು ಬಿಟ್ಟು. ಮೊಮ್ಮಗಳ ಸ್ವೆಟರ್ ಎಲ್ಲಿಗೆ ಬಂತು ಎಂದು ದಿನಕ್ಕೆ ಮೂರು ಸಲ ಕೇಳುತ್ತಾರೆ. ಸ್ವಲ್ಪ ಉಂಡೆ ಸುತ್ತಿಕೊಡಿ ಎಂದರೆ ಮಂಡಿ ನೋವು ಎನ್ನುತ್ತಾರೆ. ಉಣ್ಣೆ ಸುತ್ತುವುದಕ್ಕೆ ಮಂಡಿ ಬೇಕು ಎಂದು ಈ ವಯಸ್ಸಿನಲ್ಲಿ ನನಗೆ ಗೊತ್ತಾಯಿತು. ಜರ್ದಾಳು ಮರ ಹೂ ಬಿಟ್ಟಿದೆ. ಸೇಬಿಗೆ ಇನ್ನೂ ಮೂರು ವಾರ ಬೇಕು.

ನಿನ್ನ ಪತ್ರವೂ ಅಳತೆಯ ದಾರವೂ ತಿಂಗಳ ಮೊದಲಲ್ಲೇ ಕೈಸೇರಿದವು. ವೈಶಾಖದಲ್ಲಿ ನಿನ್ನ ನಾದಿನಿ ಉರ್ಮಿಳಾಳ ಮದುವೆ, ಗಂಡಿನ ಕಡೆಯವರು ಶಿಮ್ಲಾದಿಂದ ಬರುತ್ತಾರೆ, ತನುವಿಗೆ ತೋಳಿಲ್ಲದ, ಸೊಂಟದವರೆಗೆ ಮುಚ್ಚುವ, ಕಂದೋ ಕಪ್ಪೋ ಬಣ್ಣದ ದೊಗಲೆ ಹೊದಿಕೆಯೊಂದನ್ನು ಹೆಣೆದು ಕಳಿಸು ಎಂದು ಬರೆದಿದ್ದೆ. ಅದನ್ನು ನಾಲ್ಕು ಸಲ ಓದಿದೆ. ಎರಡು ವರ್ಷದ ಹುಡುಗಿಗೆ, ವಸಂತದ ಮದುವೆಗೆ, ಕಪ್ಪು ಹೊದಿಕೆ! ಯಾಕೆ ಎಂದು ನೀನು ಬರೆಯಲಿಲ್ಲ, ನಾನೂ ಕೇಳುವುದಿಲ್ಲ. ತನುವಿನ ಎಡಗೈ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಮುಗಿಯುತ್ತದೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ಶಿಮ್ಲಾದವರಿಗೆ ಗೊತ್ತಾಗಬಾರದು ಎಂಬುದು ನಿಮ್ಮ ಮನೆಯ ಆಸೆ.

ಮೊದಲೇ ಹೇಳಿಬಿಡುತ್ತೇನೆ, ಆ ಹೊದಿಕೆಯನ್ನು ನಾನು ಹೆಣೆದಿಲ್ಲ. ಈ ಕಟ್ಟಿನಲ್ಲಿರುವುದು ಸ್ವೆಟರ್. ಅದಕ್ಕೆ ತೋಳುಗಳಿವೆ. ಸಿಟ್ಟು ಬಂದರೆ ಬರಲಿ, ಪೂರ್ತಿ ಓದಿದ ಮೇಲೆ ಸಿಟ್ಟು ಮಾಡು.

ಉಣ್ಣೆ ತರಲು ಕುಲ್ಲುವಿನ ಪೇಟೆಗೆ ಹೋಗಿದ್ದೆ. ನಮ್ಮ ಮನೆಯ ಕುರಿಯದು ಬೆಚ್ಚಗೇನೋ ಇದೆ, ಆದರೆ ಏಪ್ರಿಲ್ ಬಿಸಿಲಿಗೆ ಕೂಸಿನ ಕುತ್ತಿಗೆ ಕೆಂಪಾಗುತ್ತದೆ. ಗಿರಣಿಯ ಹೊಳೆಯುವ ನೂಲು ಬಣ್ಣ ಬಿಡುವುದಿಲ್ಲ ನಿಜ, ಬೆವರು ಹೀರುವುದೂ ಇಲ್ಲ, ನಾಲ್ಕು ಸಲ ಒಗೆದರೆ ಮೈತುಂಬ ಗಂಟು ಏಳುತ್ತದೆ. ಕೊನೆಗೆ ಹತ್ತಿ ಬೆರೆಸಿದ ಮೂರೆಳೆಯ ಮೆತ್ತನೆ ಉಣ್ಣೆ ಸಿಕ್ಕಿತು. ಕೂಸಿನ ಉಣ್ಣೆಯನ್ನು ಕೈಯಲ್ಲಿ ಮುಟ್ಟಿ ಆರಿಸಬಾರದು ಎಂದು ನಿನಗೆ ಕಲಿಸಿದ್ದೆನಲ್ಲ? ಸಗಣಿ ಬಾಚಿ ಹುಲ್ಲು ಕೊಯ್ದ ಕೈಗೆ ಎಲ್ಲವೂ ರೇಷ್ಮೆಯೇ. ಒಂದು ಎಳೆಯನ್ನು ತಲೆವಸ್ತ್ರದ ಒಳಗೆ ಕುತ್ತಿಗೆಗೆ ಸುತ್ತಿಕೊಂಡು ಪೇಟೆಯೆಲ್ಲ ತಿರುಗಿ ಬಂದೆ. ಅಂಗಡಿಯ ಲಾಲಾ ನಗುತ್ತಾ, “ಏನಮ್ಮಾ, ನನ್ನ ಉಣ್ಣೆಗೆ ಊರು ತೋರಿಸ್ಕೊಂಡು ಬಂದ್ಯಾ?” ಎಂದ. “ಹೂಂ ಲಾಲಾ, ಕಚ್ಚುತ್ತೋ ಸುಮ್ನಿರುತ್ತೋ ನೋಡ್ಬೇಡ್ವಾ?” ಎಂದೆ. ಕಚ್ಚಲಿಲ್ಲ.

ಬಣ್ಣ ಮಾತ್ರ ನಿನ್ನ ಮಾತಿಗೆ ಪೂರ್ತಿ ಉಲ್ಟಾ. ಮೈಗೆ ಸಾಸಿವೆ ಹೂವಿನ ಹಳದಿ, ತೋಳಿಗೆ ಗುಲಾಬಿ, ಅಂಚಿಗೆ ಬಿಳಿ. ಲಾಲಾ ಅನುಮಾನದಿಂದ, “ಮದುವೆ ಮನೇಲಿ ಎಲ್ರ ಕಣ್ಣಿಗೂ ಕುಕ್ಕುತ್ತೆ ಕಣಮ್ಮಾ” ಎಂದ. ಕುಕ್ಕಲಿ ಅಂತಲೇ ತಗೊಳ್ಳೋದು ಎಂದೆ. ಹಳದಿಯನ್ನೆಲ್ಲ ಒಂದೇ ಮೂಟೆಯಿಂದ ತೆಗೆಸಿದೆ. ಕಡಿಮೆ ಬಿದ್ದು ಆಮೇಲೆ ಹೋದರೆ ಅದೇ ಹಳದಿ ಮತ್ತೆ ಸಿಗುವುದಿಲ್ಲ, ನಿನ್ನ ಅಪ್ಪನ ಕೋಟಿನ ಬೆನ್ನು ನೋಡಿದರೆ ಸಾಕು.

ಬರುವಾಗ ಬಸ್ಸಿನಲ್ಲಿ ಒಂದು ಕತೆ ನಡೆಯಿತು. ಮುಂದಿನ ಸೀಟಿನಲ್ಲಿ ಪಂಜಾಬಿನ ಹೆಂಗಸು, ಅವಳ ಹೆಗಲ ಮೇಲೆ ಕೂಸು, ಕೂಸಿನ ಮೈಮೇಲೆ ಬಿಳಿ ಫ್ರಾಕು. ಹೆಗಲಲ್ಲಿ ಹೊಲಿಗೆಯೇ ಇಲ್ಲ! ಕುತ್ತಿಗೆಯಿಂದ ಶುರು ಮಾಡಿ ಕೆಳಕ್ಕೆ ಹೆಣೆದುಕೊಂಡು ಹೋಗಿದ್ದಾರೆ, ನಾಲ್ಕು ಕಡೆ ಒಂದೊಂದು ಸಾಲು ಬಿಟ್ಟು ಎರಡೆರಡು ಕುಣಿಕೆ ಹೆಚ್ಚಿಸಿದ್ದಾರೆ. ಎಣಿಸುತ್ತಾ ಕೂತೆ. ಅವಳು ಹಿಂದೆ ತಿರುಗಿ, “ಏನ್ರೀ, ನನ್ನ ಮಗೂನೇ ಹಾಗೆ ನೋಡ್ತೀರಾ? ದೃಷ್ಟಿಯಾಗುತ್ತೆ” ಎಂದಳು. “ಮಗೂನ ಅಲ್ಲ ತಾಯಿ, ಮಗೂನ ಬೆನ್ನು ನೋಡ್ತಿದ್ದೀನಿ” ಎಂದೆ. ಜೋರಾಗಿ ನಕ್ಕು ಕೂಸನ್ನೇ ನನ್ನ ಮಡಿಲಿಗೆ ಹಾಕಿದಳು. ಪತ್ಲಿಕೂಹಲ್‌ನಲ್ಲಿ ಇಳಿಯಬೇಕಾದವಳು ಎಣಿಸಿ ಮುಗಿಯುವಷ್ಟರಲ್ಲಿ ಮನಾಲಿಯಲ್ಲಿದ್ದೆ. ನಿನ್ನ ಅಪ್ಪ ಎರಡು ಗಂಟೆ ಸೇತುವೆಯ ಹತ್ತಿರ ಕಾದು, ಆಮೇಲೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು.

ಆದರೆ ಮನೆಗೆ ಬಂದು ಕಡ್ಡಿ ಹಿಡಿದಾಗ ಕೈ ಹಳೆಯ ದಾರಿಯನ್ನೇ ಹಿಡಿಯಿತು. ನಮ್ಮ ರೀತಿ ನಿನಗೆ ಗೊತ್ತೇ ಇದೆ: ತೋಳು ಎಂದರೆ ಜೋಡಿ. ಒಂದು ಸಾಲೂ ಹೆಚ್ಚುಕಮ್ಮಿ ಆಗಬಾರದೆಂದು ಎರಡನ್ನೂ ಒಂದೇ ಕಡ್ಡಿಗೆ ಏರಿಸಿ, ಎರಡು ಉಂಡೆಯಿಂದ ಒಟ್ಟಿಗೆ ಹೆಣೆಯುತ್ತೇವೆ. ಬಿಸಿಲಲ್ಲಿ ಕೂತು ಪಕ್ಕದ ಮನೆಯ ಫುಲ್ಮೂ ಜೊತೆ ಹರಟುತ್ತಾ ನಾಲ್ಕು ದಿನ ಹೆಣೆದೆ. ಮುಗಿಸಿ ತೊಡೆಯ ಮೇಲೆ ಹಾಸಿದರೆ ಎರಡು ಗುಲಾಬಿ ತೋಳು, ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಉದ್ದ. ನಾನು ಅವುಗಳನ್ನು ನೋಡುತ್ತಲೇ ಕೂತೆ. ಫುಲ್ಮೂಗೂ ಅರ್ಥವಾಯಿತು. ಆಮೇಲೆ ಎರಡನ್ನೂ ಬಿಚ್ಚಿ, ಬಸ್ಸಿನ ನಮೂನೆಯಂತೆ ಕುತ್ತಿಗೆಯಿಂದ ಶುರು ಮಾಡಿದೆ. ಅದರಲ್ಲಿ ಒಂದೊಂದು ತೋಳನ್ನೂ ಬೇರೆ ಬೇರೆಯಾಗಿ, ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸಬಹುದು.

ನಿನ್ನ ದಾರದಲ್ಲಿ ಮೂರು ಗಂಟುಗಳಿದ್ದವು. ಎದೆಗೊಂದು, ಉದ್ದಕ್ಕೊಂದು, ತೋಳಿಲ್ಲದ ಹೊದಿಕೆ ಕೇಳಿದ್ದರೂ ಅಭ್ಯಾಸಬಲದಿಂದ ಬಲಗೈಗೊಂದು. ನಾಲ್ಕನೆಯದನ್ನು ನೀನು ಕಟ್ಟಲಿಲ್ಲ. ಯಾಕೆ ಧನ್ನೀ? ಎಡಗೈಯನ್ನು ಅಳೆಯಲು ನಿನಗೆ ಭಯ. ನನಗೂ ಇತ್ತು. ಆ ಭಯದ ವಿಷಯವನ್ನೇ ಇವತ್ತು ಬರೆಯಬೇಕಾಗಿದೆ. ಇಷ್ಟು ಹೊತ್ತು ಉಣ್ಣೆ, ಬಸ್ಸು ಎಂದು ತಪ್ಪಿಸಿಕೊಂಡು ಓಡಾಡಿದೆ.

ತನು ಹುಟ್ಟಿದ ಮೂರನೇ ದಿನ ನಾನು ಬಂಜಾರಿನ ನಿಮ್ಮ ಮನೆಯಲ್ಲಿ ನಿನ್ನ ಹಾಸಿಗೆಯ ಪಕ್ಕದಲ್ಲೇ ಇದ್ದೆ. ಕೋಣೆಯಲ್ಲಿ ಆರು ಜನ ಹೆಂಗಸರು. ನಿನ್ನ ಅತ್ತೆ ಅಳುತ್ತಾ ಹೇಳಿದರು, “ದೀಪಾವಳಿ ಮಾರನೇ ದಿನ ಬೆಳಿಗ್ಗೆ ಗ್ರಹಣ ಹಿಡಿದಿದ್ದಾಗ ಬಸುರಿಯಾಗಿ ಕಡ್ಡಿ ಹಿಡ್ಕೊಂಡು ಕೂತಿದ್ಲು ಕಣ್ರೀ. ನಾನೇ ಕಣ್ಣಾರೆ ಕಂಡೆ. ಬೇಡ ಕಣೇ ಅಂದೆ. ಕೇಳಿದ್ಲಾ?” ಎಲ್ಲರೂ ನಿನ್ನನ್ನು ನೋಡಿದರು. ನೀನು ನನ್ನನ್ನು ನೋಡಿದೆ. ಮಾವನಿಗೆಂದು ಹೆಣೆಯುತ್ತಿದ್ದ ಕಾಲುಚೀಲದ ಕೊನೆಯ ನಾಲ್ಕು ಸಾಲು, ಅಷ್ಟೇ, ನೀನು ಅಂದು ಹೆಣೆದದ್ದು. ಅಮ್ಮ ಏನಾದರೂ ಹೇಳುತ್ತಾಳೆ ಎಂದು ನೀನು ಕಾದೆ. ನಾನು ಕೂಸಿನ ಬಟ್ಟೆ ಸರಿಮಾಡುವವಳ ಹಾಗೆ ತಲೆ ತಗ್ಗಿಸಿದೆ. ಅಂದಿನಿಂದ ನಿನ್ನ ಕಡ್ಡಿಗಳು ಬಟ್ಟೆಯಲ್ಲಿ ಗಂಟು ಬಿದ್ದು ಅಟ್ಟ ಸೇರಿದವು. ನಾಲ್ಕು ಹಳ್ಳಿಯವರು ಹುಡುಕಿಕೊಂಡು ಬರುತ್ತಿದ್ದ ಕೈ ನಿನ್ನದು. ಎರಡು ವರ್ಷದಿಂದ ಒಂದು ಕುಣಿಕೆ ಹಾಕಿಲ್ಲ.

ನಾನು ಯಾಕೆ ಬಾಯಿ ಬಿಡಲಿಲ್ಲ ಗೊತ್ತೇ? ನೀನು ನನ್ನ ಹೊಟ್ಟೆಯಲ್ಲಿ ಐದು ತಿಂಗಳಿದ್ದಾಗಲೂ ಒಂದು ಗ್ರಹಣ ಬಂದಿತ್ತು, ಸಂಜೆ ಮುಖಕ್ಕೆ. ನನ್ನನ್ನು ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿದರು. ಕತ್ತಲೆ ಕೋಣೆ, ಮಾಡಲು ಕೆಲಸವಿಲ್ಲ, ಹೊಟ್ಟೆಯಲ್ಲಿ ನೀನು ಒದೆಯುತ್ತಿದ್ದೆ. ಹಾಸಿಗೆಯ ಕೆಳಗೆ ಕಡ್ಡಿ ಇತ್ತು. ನಿನಗೆಂದು ಶುರು ಮಾಡಿದ ಕುಲಾವಿಯನ್ನು ಕೈತಡವಿಯೇ ಹೆಣೆದೆ. ಗ್ರಹಣ ಹಿಡಿದದ್ದರಿಂದ ಬಿಡುವ ತನಕ, ಒಂದು ಸಾಲೂ ನಿಲ್ಲಿಸದೆ. ನೀನು ಹತ್ತು ಬೆರಳು ಇಟ್ಟುಕೊಂಡೇ ಹುಟ್ಟಿದೆ. ನಾನು ಯಾರಿಗೂ ಹೇಳಲಿಲ್ಲ, ನಿನ್ನ ಅಪ್ಪನಿಗೂ. ತನು ಹುಟ್ಟಿದ ದಿನ, ನನ್ನ ತಪ್ಪೇ ಒಂದು ತಲೆಮಾರು ದಾಟಿ ಈ ಕೂಸಿನ ಮೇಲೆ ಬಿತ್ತು ಎಂದು ನನ್ನ ಎದೆ ಒಡೆಯಿತು. ಹೇಳಿದರೆ ನಿನ್ನ ಅತ್ತೆಯ ಮುಂದೆ ಇಬ್ಬರೂ ಅಪರಾಧಿಗಳಾಗುತ್ತೇವೆ ಎನಿಸಿತು. ಹಾಗಾಗಿ ನಿನ್ನೊಬ್ಬಳನ್ನೇ ಬಿಟ್ಟುಕೊಟ್ಟೆ. ಇದನ್ನು ಮೆತ್ತಗೆ ಬರೆಯುವ ದಾರಿ ಹುಡುಕಿದೆ, ಸಿಗಲಿಲ್ಲ. ತಾಯಿಯಾಗಿ ನಿನ್ನನ್ನು ಬಿಟ್ಟುಕೊಟ್ಟೆ.

ಮಾಘ ಸಂಕ್ರಾಂತಿಗೆ ನಿಮ್ಮ ಮನೆಗೆ ಬಂದಿದ್ದಾಗ ಆ ನಂಬಿಕೆ ನನ್ನ ತಲೆಯಿಂದ ಹೊರಟುಹೋಯಿತು. ನೀನು ಹಟ್ಟಿಯಲ್ಲಿದ್ದೆ. ನಾನು ಉಣ್ಣೆಯ ಲಡಿ ಬಿಡಿಸಲು ಜನ ಹುಡುಕುತ್ತಿದ್ದೆ. ತನು ಬಂದು ಎದುರಿಗೆ ಕೂತು ಎರಡೂ ಕೈ ಮುಂದೆ ಚಾಚಿದಳು. ಲಡಿಯನ್ನು ಬಲ ಮುಂಗೈಗೂ ಎಡಗೈಯ ತುದಿಗೂ ಏರಿಸಿದೆ. ನಾನು ಸುತ್ತಿದ ಹಾಗೆಲ್ಲ ಅವಳು ಮೈಯನ್ನು ಅತ್ತ ಇತ್ತ ಒಲೆದು ಎಳೆ ಬಿಟ್ಟುಕೊಟ್ಟಳು. ಬೆರಳುಗಳಿದ್ದ ಬಲಗೈಯಲ್ಲಿ ಎರಡು ಸಲ ಸಿಕ್ಕುಬಿತ್ತು, ಎಡಗೈಯಲ್ಲಿ ಒಂದು ಸಲವೂ ಇಲ್ಲ. ಮುಗಿದ ಮೇಲೆ, “ಅಜ್ಜೀ, ಇನ್ನೊಂದು!” ಎಂದು ಮತ್ತೆ ಚಾಚಿದಳು. ಇಂಥ ಕೈಯನ್ನು ಯಾರದೋ ತಪ್ಪಿಗೆ ಬಿದ್ದ ಶಿಕ್ಷೆ ಎಂದು ಹೇಗೆ ನಂಬಲಿ? ಈ ಕೂಸಿಗೆ ತನ್ನ ಕೈ ಬಗ್ಗೆ ನಾಚಿಕೆಯೇ ಇಲ್ಲ. ನಾಚಿಕೆ ಪಡುವುದನ್ನು ನಾವು ಕಲಿಸಬೇಕು, ಆ ಕಪ್ಪು ಹೊದಿಕೆಯಿಂದ ಶುರು ಮಾಡಿ.

ಊರಿಗೆ ಬಂದು ಫುಲ್ಮೂಗೆ ಎಲ್ಲ ಹೇಳಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಅವಳು ಕಡ್ಡಿ ಕೆಳಗೂ ಇಡಲಿಲ್ಲ. “ಅಯ್ಯೋ ಖಿಮೀ, ಆ ಗ್ರಹಣದಲ್ಲಿ ನಾನೂ ಹೆಣೀತಿದ್ದೆ ಕಣೇ. ಹೊಟ್ಟೇಲಿ ನಮ್ಮ ಬೇಲೂ ಇದ್ದ. ಈಗ ಲಾರಿ ಓಡಿಸ್ತಾನೆ. ನಾಲಿಗೆ ಒಂದು ಉದ್ದ ಅನ್ನೋದು ಬಿಟ್ರೆ ಎಲ್ಲಾ ಅಳತೆಗೆ ಸರಿಯಾಗೇ ಇದೆ” ಎಂದಳು. ನಗುತ್ತಾ ನಗುತ್ತಾ ಅತ್ತುಬಿಟ್ಟೆ. ಬಾಗಿಲು ಹಾಕಿದ ಕೋಣೆಗಳಲ್ಲಿ ಎಷ್ಟು ಜನ ಹೆಣೆದಿದ್ದೇವೋ, ಯಾರೂ ಯಾರಿಗೂ ಹೇಳಲಿಲ್ಲ.

ಈಗ ಸ್ವೆಟರಿನ ವಿಷಯ. ಮೈ ಮುಗಿದಿದೆ, ಬಲತೋಳು ಮುಗಿದಿದೆ. ಎಡತೋಳಿನ ಮೂವತ್ತಾರು ಕುಣಿಕೆಗಳು ನಾಲ್ಕು ಗಿಡ್ಡ ಕಡ್ಡಿಗಳ ಮೇಲೆ ಹಾಗೆಯೇ ಇವೆ. ಜಾರದಂತೆ ತುದಿಗಳಿಗೆ ಜೋಳದ ದಿಂಡಿನ ಚೂರು ಚುಚ್ಚಿದ್ದೇನೆ. ಗುಲಾಬಿ, ಬಿಳಿ ಉಂಡೆಗಳೂ ಇವೆ. ಮಾಘದಲ್ಲಿ ಲಡಿ ಏರಿಸುವಾಗ ಕಣ್ಣಲ್ಲೇ ಅಳೆದದ್ದು ನನಗೆ ನೆನಪಿದೆ, ಬೇಕಿದ್ದರೆ ನಾನೇ ಮುಗಿಸಬಹುದಿತ್ತು. ಬೇಕೆಂದೇ ಮುಗಿಸಲಿಲ್ಲ. ಅವಳಿಗೆ ತೊಡಿಸು, ಕೈ ಎಲ್ಲಿ ಮುಗಿಯುತ್ತದೋ ನೋಡು, ಅಲ್ಲಿಗೆ ಬರುವವರೆಗೆ ಹೆಣೆ, ಒಂದು ಸಾಲೂ ಹೆಚ್ಚು ಬೇಡ. ಕೊನೆಗೆ ಬಿಳಿ ಅಂಚು ನಾಲ್ಕು ಸಾಲು. ತುದಿಯನ್ನು ಚೀಲದ ಹಾಗೆ ಮುಚ್ಚಬೇಡ, ಆ ತುದಿಯಿಂದಲೇ ಅವಳು ಲೋಟ ಒತ್ತಿ ಹಿಡಿಯುತ್ತಾಳೆ. ಮೊದಲ ಸಾಲಿನಲ್ಲಿ ಕೈ ನಡುಗಬಹುದು. ನಡುಗಿದರೆ ಕುಣಿಕೆ ಬಿಗಿಯಾಗುತ್ತದೆ, ಬಿಚ್ಚಿ ಇನ್ನೊಮ್ಮೆ ಹಾಕು. ನಿಲ್ಲಿಸಬೇಡ.

ಮದುವೆಗೆ ಮೂರು ದಿನ ಮೊದಲೇ ಬರುತ್ತೇನೆ. ಅಂಗಳದಲ್ಲಿ ಮುಂದಿನ ಸಾಲಿನಲ್ಲಿ ತನುವನ್ನು ಎತ್ತಿಕೊಂಡು ನಿಲ್ಲುವವಳು ನಾನು. ಯಾರಾದರೂ ಕೇಳಿದರೆ ಉತ್ತರ ಹೇಳುವವಳೂ ನಾನೇ. ಈ ಸಲ ತಲೆ ತಗ್ಗಿಸುವುದಿಲ್ಲ.

ಅಳಿಯಂದಿರಿಗೆ ಆಶೀರ್ವಾದ. ತನುವಿನ ಎರಡೂ ಕೈಗಳಿಗೆ ಮುತ್ತು.

ನಿನಗೆ ತಪ್ಪಿ ನಡೆದ, ನಿನ್ನವಳೇ ಆದ
ಅಮ್ಮ
ಖಿಮಿ

ತಾ.ಕ.: ಬೀಗಿತಿ ಹೀರಾಮಣಿಯವರೇ, ಈ ಕಟ್ಟಿನ ಹೊಲಿಗೆ ಬಿಚ್ಚಿ ಪತ್ರವನ್ನು ಮೊದಲು ಓದುತ್ತಿರುವವರು ನೀವೇ ಎಂದು ನನಗೆ ಗೊತ್ತು. ಮಾಘದಲ್ಲಿ ಬಂದಾಗ ನನ್ನ ಹಳೆಯ ಪತ್ರಗಳನ್ನು ಬಿಚ್ಚಿ ಅಂಚಿಗೆ ಮತ್ತೆ ಗೋಧಿಹಿಟ್ಟಿನ ಅಂಟು ಹಚ್ಚಿದ್ದನ್ನು ನೋಡಿದೆ. ಬೇಸರವಿಲ್ಲ, ಗ್ರಹಣದ ಕತೆಯನ್ನು ಅವಳಿಗೆ ಎಷ್ಟು ಬರೆದೆನೋ ನಿಮಗೂ ಅಷ್ಟೇ ಬರೆದೆ. ಅಂದು ನೀವು ಅತ್ತದ್ದು ಮೊಮ್ಮಗಳ ಮೇಲಿನ ಪ್ರೀತಿಯಿಂದ ಎಂಬುದೂ ನನಗೆ ಗೊತ್ತು. ಈ ಪತ್ರವನ್ನು ನೀವು ಒಲೆಗೆ ಹಾಕಬಹುದು. ಹಾಕಿದರೆ ಇದರಲ್ಲಿರುವುದನ್ನೆಲ್ಲ ಮದುವೆಯ ಅಂಗಳದಲ್ಲಿ ನಿಂತು ಬಾಯಿಬಿಟ್ಟು ಹೇಳುತ್ತೇನೆ, ನನಗೆ ಬಾಯಿಪಾಠವಾಗಿದೆ. ಆದರೆ ನೀವು ಹಾಕುವುದಿಲ್ಲ ಎಂದೇ ನನ್ನ ನಂಬಿಕೆ. ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಅವಳ ಕೈಯಿಂದ ಕಡ್ಡಿ ಕಸಿದವರು ನೀವು, ಕಸಿಯಲು ಬಿಟ್ಟವಳು ನಾನು. ನಾನು ದೂರದಲ್ಲಿದ್ದೇನೆ. ಈ ನಾಲ್ಕು ಕಡ್ಡಿಗಳನ್ನು ಕುಣಿಕೆ ಜಾರದಂತೆ ಎತ್ತಿ, ನೀವೇ ನಿಮ್ಮ ಕೈಯಾರೆ ಅವಳಿಗೆ ಕೊಡಿ.