ಮುತ್ತ್ಯಾನ ಎಡಿಯಾಗ ಬೀಡಿ ಇಟ್ಟಿಲ್ಲ

ಯಪ್ಪಾ,

ಪರೀಕ್ಷಾ ಅದ, ರಾಯಚೂರ ಬಸ್ಸಿಗೆ ಹೊಂಟೀನಿ. ಅವ್ವ ದೇವದುರ್ಗದಿಂದ ಸಂಜಿಗೆ ಬರ್ತಾಳ.

ಇವತ್ತ ನಿಮ್ಮಪ್ಪನ ತಿಥಿ, ಮುತ್ತ್ಯಾನ ಹೆಸರಿಲೆ ಮಾಳಗಿ ಮ್ಯಾಲ ಎಡಿ ಇಟ್ಟೀನಿ. ಕಾಗಿ ಮುಟ್ಟೋತನಕ ಉಪವಾಸ ಕೂಡಬ್ಯಾಡ. ಖಾಲಿ ಹೊಟ್ಟ್ಯಾಗ ಹುಳಿ ಏರಿ ಕರುಳಿನ ಹುಣ್ಣು ಸುಡ್ತದಂತ ಡಾಕ್ಟರು ಹೇಳಿಲ್ಲೇನು? ಮೆತ್ತನ್ನ ಅನ್ನ ಮುಚ್ಚಿಟ್ಟೀನಿ, ಮೊದ್ಲು ಉಣ್ಣು. ಬಿಳಿ ಔಷಧಿ ಬಾಟ್ಲಿ ಅಲ್ಲಾಡಿಸಿ ಕುಡಿ.

ಈ ಸಲ ಎಡಿಯಾಗ ಖಾರ ಚಟ್ನಿ, ಚಾ, ಬೀಡಿ ಇಟ್ಟಿಲ್ಲ. ಬೈದರ ಬೈ. ಇದೇ ಹುಣ್ಣಿಗೆ ಮುತ್ತ್ಯಾ ಹ್ವಾದ. ಅವಗ ಸೇರತಿದ್ದುವಂತ ಹೋದ ವರ್ಷ ಇವೆಲ್ಲ ಇಟ್ಟು, ಎಡಿ ದಂಡ ಮಾಡಬಾರದಂತ ನೀನೇ ಉಂಡು ಸೇದಿದಿ. ಆಮ್ಯಾಲ ನೀ ನರಳೂದು ಕೇಳಿ ಅವ್ವ, "ಮುತ್ತ್ಯಾ ಬಂದಾನೇನ್ ನೋಡಬೇ" ಅಂದ್ಲು. ನಿನ್ನ ದನಿ ಥೇಟ್ ಅವಂದೇ ಇತ್ತು.

ನಿನ್ನ ಹೆಸರಿಲೆ ಎಡಿ ಇಡೂದು ನನ್ನ ಕೈಲೆ ಆಗಂಗಿಲ್ಲ.

ಶೇಖಮ್ಮ