ಬೆಂಚಿನ ಮೇಲೆ ಓದಿದ ಅಂಕಗಳು

ಮೋಶೋಯೆನ್,
ಫೆಬ್ರವರಿ 12, ಗುರುವಾರ

ಪ್ರೀತಿಯ ಅಣ್ಣ ಎಸ್ಕಿಲ್,

ಮಂಡಿನೋವು ಹೇಗಿದೆ? ಶಿಬಿರದಲ್ಲಿ ಹಿಮದ ಮೇಲೆ ಓಡಿಸುತ್ತಾರೆ ಎಂದಿದ್ದೆಯಲ್ಲ, ಸೈನ್ಯದವರಿಗೆ ಸ್ವಲ್ಪವೂ ಕರುಣೆಯಿಲ್ಲವೇ ಎಂದು ಅಮ್ಮ ದಿನವೂ ಗೊಣಗುತ್ತಾಳೆ. ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದೇನೆಂದು ನಗಬೇಡ. ಅದನ್ನು ಮುಟ್ಟಲು ಮನಸ್ಸಿಲ್ಲ. ಆಗಲೇ ಎರಡು ಹಾಳೆ ಹರಿದೆ. ಕೂತರೆ ಕೂರಲಾಗುವುದಿಲ್ಲ, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ.

ನಮ್ಮ ಶಾಲೆಯ ಹುಡುಗಿಯರಿಗೆ ಅಂಕ ಹಾಕುವ, ಯಾರದೆಂದು ಗೊತ್ತಿಲ್ಲದ ಖಾತೆಯೊಂದು ಜಾಲತಾಣದಲ್ಲಿದೆ. ಕದ್ದು ತೆಗೆದ ಫೋಟೋ, ಕೆಳಗೆ ಅಂಕ, ಜೊತೆಗೊಂದು ಮಾತು. ಕಳೆದ ತಿಂಗಳು ಈಜುಕೊಳದ ಬಳಿ ವಿಲ್ದೆ ಬಗ್ಗಿ ಟವೆಲ್ ಎತ್ತಿಕೊಳ್ಳುತ್ತಿರುವ ಫೋಟೋ ಬಂತು. "ಹತ್ತಕ್ಕೆ ಎರಡು. ದೀಪ ಆರಿಸಿದ್ರೆ ನಾಲ್ಕು." ಒಂದನೇ ತರಗತಿಯಿಂದ ನನ್ನ ಪಕ್ಕ ಕೂತವಳು, ನಮ್ಮ ಅಡುಗೆಮನೆಯಲ್ಲಿ ನಿನ್ನ ಪಾಲಿನದನ್ನೂ ತಿಂದು ನಿನ್ನಿಂದ ಬೈಸಿಕೊಂಡವಳು. ಅವಳು ಶಾಲೆಗೆ ಬರುವುದನ್ನೇ ಬಿಟ್ಟಳು. ನಾವು ಮುಖ್ಯೋಪಾಧ್ಯಾಯರಿಗೆ ಹೇಳಿದೆವು. "ಹುಡುಗ್ರು, ಏನೋ ತಮಾಷೆಗೆ ಮಾಡಿರ್ತಾರೆ. ನೀವು ನೋಡೋಕೆ ಹೋಗ್ಬೇಡಿ" ಎಂದರು.

ಮೊನ್ನೆ ಮಂಗಳವಾರ ಊಟದ ಬಿಡುವಿನಲ್ಲಿ, ಎಲ್ಲರೂ ಕೂತು ತಿನ್ನುವ ಹಾಲ್‌ನಲ್ಲಿ, ನಾವು ಹತ್ತು ಜನ ಹುಡುಗಿಯರು ಒಬ್ಬೊಬ್ಬರಾಗಿ ಬೆಂಚು ಹತ್ತಿದೆವು. ತನ್ನ ಹೆಸರು ಹೇಳಿ, ತನ್ನ ಬಗ್ಗೆ ಖಾತೆಯಲ್ಲಿ ಬಂದದ್ದನ್ನು ಚೀಟಿಯಲ್ಲಿ ಬರೆದುಕೊಂಡು ತಾನೇ ಓದಬೇಕು, ಅಷ್ಟೇ. ಮೊದಲು ನಾನು. "ತಿರಿಲ್. ಏಳು. ಬಾಯಿ ಮುಚ್ಕೊಂಡಿದ್ರೆ ಎಂಟು." ಹುಡುಗರು ನಕ್ಕರು. ನಿನ್ನ ಫುಟ್‌ಬಾಲ್ ಗೆಳೆಯನ ತಮ್ಮ ಹಾಲ್ವರ್, "ಜೋರಾಗಿ ಓದೇ, ಹಿಂದೆ ಕೇಳಿಸ್ತಿಲ್ಲ" ಎಂದು ಕೂಗಿದ. ಜೋರಾಗಿಯೇ ಓದಿದೆ. ಆರನೆಯವಳು ಓದುವಾಗ ನಗು ನಿಂತಿತ್ತು. ಕೊನೆಗೆ, ನಾವು ಯಾರೂ ಕರೆಯದಿದ್ದರೂ, ವಿಲ್ದೆ ಕೋಟನ್ನೂ ಬಿಚ್ಚದೆ ಒಳಗೆ ಬಂದಳು. ಬೆಂಚು ಹತ್ತಿದಳು, ಧ್ವನಿ ಹೊರಡಲಿಲ್ಲ. ಇಳಿದು ಹೋಗಿ, ತಾನು ಬರೆದು ತಂದಿದ್ದ ಚೀಟಿಯನ್ನು ಹಾಲ್ವರ್‌ನ ಕೈಗಿಟ್ಟು, "ನೀನೇ ಓದು" ಎಂದಳು. ಅವನು ಚೀಟಿ ನೋಡಿದ, ಅವಳ ಮುಖ ನೋಡಿದ. ಓದಲು ಅವನಿಂದ ಆಗಲಿಲ್ಲ.

ಈಗ ಮುಖ್ಯೋಪಾಧ್ಯಾಯರ ಮಾತು ಬದಲಾಗಿದೆ. ಆ ಖಾತೆ ತೆರೆದವರು ಯಾರೆಂದು ಪತ್ತೆ ಮಾಡಲು ಬರುವ ಬುಧವಾರ ಪೊಲೀಸರು ಬರುತ್ತಾರೆ. ವಿಲ್ದೆ ನಿನ್ನೆಯಿಂದ ಶಾಲೆಗೆ ಬರುತ್ತಿದ್ದಾಳೆ. ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾಳೆ.

ಅಮ್ಮ ನಿನಗೆ ಮುತ್ತು ಕಳಿಸಿದ್ದಾಳೆ. ಚಳಿಯಲ್ಲಿ ಜೋಪಾನ.

ನಿನ್ನ ತಂಗಿ,
ತಿರಿಲ್

ತಾ.ಕ.: ಹಾಲ್ವರ್ ನಿನ್ನೆ ನನ್ನನ್ನು ಬಸ್ ನಿಲ್ದಾಣದಲ್ಲಿ ತಡೆದು, "ಆ ಖಾತೆ ಶುರು ಮಾಡಿದ್ದು ನಿಮ್ಮಣ್ಣ. ಅವನು ಸೈನ್ಯಕ್ಕೆ ಹೋಗೋವಾಗ ನಮ್ ಕೈಗೆ ಕೊಟ್ಟು ಹೋದ" ಎಂದ. ಮನೆಗೆ ಬಂದು ಖಾತೆಯ ತಳದವರೆಗೂ ನೋಡಿದೆ. ಮೂರು ವರ್ಷದ ಹಿಂದಿನ ಮೊದಲ ಫೋಟೋ ತೆಗೆದಿರುವುದು ನಮ್ಮ ಬಾಲ್ಕನಿಯಿಂದ. ಅಮ್ಮನಿಗೆ ಹೇಳಿಲ್ಲ. ಬರುವ ಮಂಗಳವಾರದೊಳಗೆ ನೀನೇ ಶಾಲೆಗೆ ಫೋನ್ ಮಾಡಿ ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ. ಅದು ಸುಳ್ಳು ಎಂದು ನೀನು ಬರೆದರೆ ನಾನು ನಂಬಿಬಿಡುತ್ತೇನೆ. ಆದ್ದರಿಂದ, ಸುಳ್ಳಲ್ಲದಿದ್ದರೆ, ಹಾಗೆ ಬರೆಯಬೇಡ.